ಕುಡಿದು ಗುದ್ದಿದವನ ಮೇಲೆ ಪೊಲೀಸ್ ಕೇಸ್ ಆಗಿದೆ. ನಾವು ಬೇರೆ ಕೇಸ್ ಹಾಕಬೇಕಾ?

ಸ್ಯಾನ್ ಹೋಸೆಯಲ್ಲಿ ಕುಡಿದವನೊಬ್ಬ ನಿಮ್ಮ ತಮ್ಮನ ಕಾರಿಗೆ ಗುದ್ದಿದ್ದಾನೆ. ಅವನ ಮೇಲೆ ಕ್ರಿಮಿನಲ್ ಕೇಸ್ ನಡೀತಿದೆ, ತಮ್ಮನಿಗೆ ಪರಿಹಾರ ಅದರಲ್ಲೇ ಬರುತ್ತಲ್ವಾ ಅಂತ ಕೇಳಿದ್ದೀರಿ. ಅರ್ಧ ಬರಬಹುದು. ನಾನು ವಕೀಲನಲ್ಲ, ಅದೇ ಕೌಂಟಿಯಲ್ಲಿ (ಜಿಲ್ಲೆಯ ಹಾಗೆ) ಒಮ್ಮೆ ಜ್ಯೂರಿಯಲ್ಲಿ, ಅಂದರೆ ಕೋರ್ಟಿನಲ್ಲಿ ಕೇಸ್ ಕೇಳಿ ತೀರ್ಪು ಹೇಳೋ ಸಾಮಾನ್ಯ ಜನರ ಗುಂಪಿನಲ್ಲಿ, ಕೂತವನು.

ಮೊದಲು ಆ ಕೇಸಿನ ಹೆಸರು ನೋಡಿ. ಒಂದು ಕಡೆ 'ಕ್ಯಾಲಿಫೋರ್ನಿಯಾ ರಾಜ್ಯದ ಜನರು', ಇನ್ನೊಂದು ಕಡೆ ಗುದ್ದಿದವನು. ತಮ್ಮನ ಹೆಸರೇ ಇರೋದಿಲ್ಲ. ಕೇಸ್ ನಡೆಸೋದು ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಸರ್ಕಾರದ ಪರ ವಕೀಲರು, ತಮ್ಮ ಅಲ್ಲಿ ಸಾಕ್ಷಿ ಅಷ್ಟೇ. 'ಪಾಪ ಹುಡುಗ, ಹೋಗಲಿ, ಕೇಸ್ ವಾಪಸ್ ತಗೋತೀವಿ' ಅಂದರೂ ನಡೆಯೋದಿಲ್ಲ. ಅದು ಅವನ ಕೇಸೇ ಅಲ್ಲ.

ಪರಿಹಾರಕ್ಕೆ ತಮ್ಮನೇ ಹೂಡೋ ಸಿವಿಲ್ ಕೇಸ್ ಹಾಗಲ್ಲ. ಹೂಡೋದು, ರಾಜಿಯಾಗೋದು, ಬಿಡೋದು ಎಲ್ಲ ತಮ್ಮನಿಗೇ ಬಿಟ್ಟದ್ದು. ಖರ್ಚೂ ಅವನದೇ. ಗುದ್ದಿದವನ ಹತ್ತಿರ ದುಡ್ಡಿಲ್ಲದಿದ್ದರೆ ಕ್ರಿಮಿನಲ್ ಕೇಸಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ, ನಿಮ್ಮ ತಮ್ಮನಿಗೆ ಕೊಡೋದಿಲ್ಲ! ಆದರೆ ಅಪಘಾತದ ವಕೀಲರು ಸಾಮಾನ್ಯವಾಗಿ ಮುಂಗಡ ಕೇಳೋದಿಲ್ಲ, ಗೆದ್ದ ಹಣದಲ್ಲಿ ಪಾಲು ತಗೋತಾರೆ. ನಷ್ಟ 12,500 ಡಾಲರ್ ಒಳಗಿದ್ದರೆ ಸ್ಮಾಲ್ ಕ್ಲೇಮ್ಸ್ ಅನ್ನೋ ಸಣ್ಣ ಮೊತ್ತದ ಕೋರ್ಟಿನಲ್ಲಿ ತಾನೇ ನಿಂತು ವಾದಿಸಬಹುದು, ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ.

ನಾನು ಕೂತದ್ದು ಸಿವಿಲ್ ಕೇಸಿಗೆ, ನಾರ್ತ್ ಫಸ್ಟ್ ಸ್ಟ್ರೀಟಿನ ಕಟ್ಟಡದಲ್ಲಿ. ಸುಳ್ಳಿರೋದಕ್ಕಿಂತ ನಿಜ ಇರೋ ಸಂಭವ ಜಾಸ್ತಿ ಅನಿಸಿದರೆ ಸಾಕು ಅಂತ ಜಡ್ಜ್ ನಮಗೆ ಓದಿ ಹೇಳಿದರು. ತಕ್ಕಡಿ ಎಳ್ಳಷ್ಟು ವಾಲಿದರೂ ಆಯಿತು. ಹನ್ನೆರಡು ಜನರಲ್ಲಿ ಹತ್ತು ಜನ ಒಪ್ಪಿದರು, ಇಬ್ಬರು ಒಪ್ಪಲಿಲ್ಲ. ಆ ಇಬ್ಬರಲ್ಲಿ ನಾನೊಬ್ಬ. ಆದರೂ ತೀರ್ಪು ಬಂತು, ಯಾಕಂದ್ರೆ ಇಲ್ಲಿ ಒಂಬತ್ತು ಜನ ಸಾಕು. ಕ್ರಿಮಿನಲ್ ಆಗಿದ್ದರೆ ಹನ್ನೆರಡಕ್ಕೆ ಹನ್ನೆರಡೂ ಒಪ್ಪಬೇಕಿತ್ತು, ಅದೂ ಮನಸ್ಸಿನಲ್ಲಿ ಸಕಾರಣವಾದ ಅನುಮಾನ ಉಳಿಯದಂತೆ. ಅವತ್ತು ಸಂಜೆ ಮನೆಗೆ ಬಂದರೂ ನನಗೆ ಅದೇ ಕೊರೀತಿತ್ತು.

ಅಮೆರಿಕನ್ ಫುಟ್‌ಬಾಲ್ ಆಟಗಾರ ಓ.ಜೆ. ಸಿಂಪ್ಸನ್ ವಿಷಯ ಕೇಳಿರಬೇಕು. ಲಾಸ್ ಏಂಜಲೀಸ್‌ನಲ್ಲಿ 1995ರಲ್ಲಿ ಎರಡು ಕೊಲೆ ಆರೋಪಗಳಿಂದ ಖುಲಾಸೆಯಾದ. ಸತ್ತವರ ಮನೆಯವರು ಹೂಡಿದ ಸಿವಿಲ್ ಕೇಸಿನಲ್ಲಿ 1997ರಲ್ಲಿ ಸೋತ, ಒಟ್ಟು 3.35 ಕೋಟಿ ಡಾಲರ್ ಕೊಡಬೇಕೆಂದಾಯಿತು. ಮೊದಲ ಕೇಸಿನಲ್ಲಿ ಅವನು ಸಾಕ್ಷಿಕಟ್ಟೆ ಹತ್ತಿರಲಿಲ್ಲ, ಹತ್ತು ಅಂತ ಯಾರೂ ಬಲವಂತ ಮಾಡುವಂತಿರಲಿಲ್ಲ. ಎರಡನೆಯದರಲ್ಲಿ ಎದುರು ವಕೀಲರು ಕರೆದಾಗ ಹತ್ತಲೇಬೇಕಾಯಿತು. ತೀರ್ಪೇನೋ ಬಂತು, ಕೈಗೆ ಬಂದ ದುಡ್ಡು ಮಾತ್ರ ಅಲ್ಪ.

ಈಗ ಆ ಅರ್ಧದ ಲೆಕ್ಕ. ಗುದ್ದಿದವನಿಗೆ ಶಿಕ್ಷೆಯಾದರೆ ಆಸ್ಪತ್ರೆ ಬಿಲ್ಲು, ಕಾರು ರಿಪೇರಿ, ತಪ್ಪಿದ ಸಂಬಳ ಕಟ್ಟಿಕೊಡು ಅಂತ ಕ್ರಿಮಿನಲ್ ಕೋರ್ಟೇ ಆದೇಶ ಮಾಡುತ್ತದೆ. ಅದಕ್ಕೇ ಒಂದು ರಸೀದಿಯನ್ನೂ ಎಸೀಬೇಡಿ, ಡಿಸ್ಟ್ರಿಕ್ಟ್ ಅಟಾರ್ನಿ ಆಫೀಸಿಗೆ ಕಳಿಸಿ. ಬೆನ್ನು ನೋವಲ್ಲಿ ನಿದ್ದೆಯಿಲ್ಲದೆ ಒದ್ದಾಡಿದ್ದಕ್ಕೆ ಅಲ್ಲಿ ದುಡ್ಡಿಲ್ಲ, ಅದನ್ನು ಸಿವಿಲ್ ಕೇಸಿನಲ್ಲೇ ಕೇಳಬೇಕು. ಮೈಗೆ ಪೆಟ್ಟಾಗಿದ್ದಕ್ಕೆ ಅಪಘಾತದ ದಿನದಿಂದ ಎರಡು ವರ್ಷ, ಕಾರಿನ ನಷ್ಟಕ್ಕೆ ಮೂರು ವರ್ಷ ಗಡುವು. ಕ್ರಿಮಿನಲ್ ಕೇಸ್ ಮುಗೀಲಿ ಅಂತ ಸುಮ್ನೆ ಕಾಯ್ತಾ ಕೂತರೆ ಆ ಗಡುವು ನಿಲ್ಲುತ್ತೆ ಅಂದ್ಕೋಬೇಡಿ.

ಅಂದಹಾಗೆ, ತಮ್ಮ ತನ್ನ ಇನ್ಶೂರೆನ್ಸ್ ಕಂಪನಿಗೆ ತಿಳಿಸಿದ್ದಾನಾ? ಇಲ್ಲದಿದ್ದರೆ ಇವತ್ತೇ ಫೋನ್ ಮಾಡಿಸಿ.