ತೀರ್ಥಹಳ್ಳಿ ಕಡೆ ಊರಲ್ಲಿದೀನಿ, ಗಂಟಲು ಕೆರೀತಿದೆ: ಕೋವಿಡ್ ಟೆಸ್ಟ್ ಇಲ್ಲೇ ಮಾಡಿಸ್ಲಾ, ಶಿವಮೊಗ್ಗಕ್ಕೆ ಹೋಗ್ಲಾ?

ಬೆಂಗಳೂರಿಂದ ಬಂದಿದೀನಿ, ಮನೇಲಿ ಅಜ್ಜಿ ಇದಾರೆ, ರಿಪೋರ್ಟ್ ಎಲ್ಲಿ ಬೇಗ ಸಿಗುತ್ತೋ ಅಲ್ಲಿಗೆ ಹೋಗ್ತೀನಿ ಅಂತ ಬರ್ದಿದೀರಿ. ಅಜ್ಜಿ ಇದ್ದ ಕಡೆ ಅಪ್ಪ ಅಂತ ಹಾಕಿದ್ರೆ ಇದು 2021ರ ನಾನೇ ಮಾರಾಯ್ರೆ.

2021ರ ಏಪ್ರಿಲ್ ಕೊನೆ. 27ರ ರಾತ್ರಿಯಿಂದ ಎಲ್ಲಾ ಬಂದ್ ಅಂತ ಯಡಿಯೂರಪ್ಪನವ್ರು ಟಿವಿಲಿ ಹೇಳಿದ್ದೇ ಹೇಳಿದ್ದು, ಬೆಂಗಳೂರಲ್ಲಿದ್ದ ಮಲೆನಾಡಿನೋರೆಲ್ಲ ಲ್ಯಾಪ್‌ಟಾಪು, ಬಟ್ಟೆ ತುಂಬ್ಕೊಂಡು ಮೆಜೆಸ್ಟಿಕ್ಕಿಗೆ ಬಂದ್ರು, ನಾನೂ ಬಂದೆ. ಬಸ್ಸಲ್ಲಿ ನಿಲ್ಲೋಕೂ ಜಾಗ ಇರ್ಲಿಲ್ಲ, ಪಕ್ಕದಲ್ಲಿ ಕೂತಿದ್ದೋನು ಕೆಮ್ಮೋಕೆ ಅಂತ್ಲೇ ಮಾಸ್ಕ್ ಕೆಳಗೆ ಎಳ್ಕೊಳ್ತಿದ್ದ. ಊರಿಗೆ ಬಂದು ಎರಡ್ಮೂರು ದಿನ ಆರಾಮಿದ್ದೆ. ಆಮೇಲೆ ಗಂಟಲು, ಸಂಜೆ ಮೈ ಬಿಸಿ. ಅಮ್ಮ ಕಾಳುಮೆಣಸಿನ ಕಷಾಯ ಕೊಟ್ರು, ಅಪ್ಪ ಬೈಕ್ ಕೀ ಕೊಟ್ಟು ಪೇಟೆಗೆ ಹೋಗಿ ತೋರಿಸ್ಕೊಂಡು ಬಾ ಅಂದ್ರು. ಅಲ್ಲಿವರ್ಗೆ ನಾನು ಮಾಡಿದ್ದು ಸರಿನೇ, ಬೈಕಲ್ಲಿ ಒಬ್ನೇ ಹೋದೆ, ಸರ್ಕಾರಿ ಆಸ್ಪತ್ರೆ ಹೊರಗೆ ಶಾಮಿಯಾನದಡಿ ಲೈನಲ್ಲಿ ನಿಂತೆ, ಮೂಗಿಗೂ ಗಂಟಲಿಗೂ ಕಡ್ಡಿ ಹಾಕಿಸ್ಕೊಂಡೆ, ಕಣ್ಣಲ್ಲಿ ನೀರು ಬಂತು, ಮುಗೀತು.

ತಪ್ಪಾಗಿದ್ದು ಕಡ್ಡಿ ಹಾಕೋಕೆ ಮುಂಚೆ, ಫಾರ್ಮ್ ತುಂಬೋ ಟೇಬಲ್ ಹತ್ರ. ಇದನ್ನ ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ, ಯಾಕಂದ್ರೆ ಯಾರೂ ಇದನ್ನ ಹೇಳಲ್ಲ, ಎಲ್ರೂ ಯಾವ ಲ್ಯಾಬು, ಎಷ್ಟು ರೇಟು ಅಂತ್ಲೇ ಮಾತಾಡ್ತಾರೆ.

ಅಲ್ಲಿ ಕೂತಿದ್ದ ಹುಡುಗಿ ಆಧಾರ್ ಕೇಳಿದ್ಲು, ಕೊಟ್ಟೆ. ಅದ್ರಲ್ಲಿರೋದು ಬೆಂಗಳೂರಿನ ಬಾಡಿಗೆ ಮನೆ ಅಡ್ರೆಸ್ಸು, ಅದನ್ನೇ ಬರ್ಕೊಂಡ್ಲು, ನಾನು ಸುಮ್ನಿದ್ದೆ. ಫೋನ್ ನಂಬರ್ ಕೇಳಿದ್ಲು. ಬಾಯಿಗೆ ಬಂದಿದ್ದು ಆಫೀಸಿಗೆ, ಬ್ಯಾಂಕಿಗೆ, ಗ್ಯಾಸಿಗೆ ಎಲ್ಲಾ ಕಡೆ ಕೊಟ್ಟಿರೋ ನನ್ನ ನಂಬರ್. ಈಗ ನಮ್ಮನೆ ಕಥೆ ಕೇಳಿ. ನಮ್ಮನೆ ಇರೋದು ತಗ್ಗಲ್ಲಿ, ಮೂರು ಕಡೆ ಗುಡ್ಡ, ಒಂದು ಕಡೆ ತೋಟ. ಆ ಸಿಮ್ಮಿಗೆ ಮನೇಲಿ ಸಿಗ್ನಲ್ಲಿನ ಒಂದು ಕಡ್ಡಿನೂ ಬರಲ್ಲ. ಅಪ್ಪನ ಹಳೇ ಬಟನ್ ಫೋನಿಗೆ ಜಗಲಿ ಮೂಲೇಲಿ ಸಿಗುತ್ತೆ, ಅದೂ ಕರೆಂಟ್ ಇದ್ರೆ, ಕರೆಂಟ್ ಹೋಗಿ ಸ್ವಲ್ಪ ಹೊತ್ತಾದ್ರೆ ಟವರ್ರೂ ಮಲಗುತ್ತೆ. ನಾನು ಕೆಲಸ ಮಾಡ್ಬೇಕು ಅಂದ್ರೆ ಗುಡ್ಡದ ಮೇಲೆ ಗೇರು ಮರದ ಬುಡಕ್ಕೆ ಹೋಗ್ಬೇಕು. ಇದೆಲ್ಲ ಗೊತ್ತಿದ್ದೂ ಆ ನಂಬರ್ ಕೊಟ್ಟೆ, ಯಾಕಂದ್ರೆ ಆಗ ನಿಂತಿದ್ದು ಪೇಟೇಲಿ, ಫೋನಲ್ಲಿ ನೆಟ್‌ವರ್ಕ್ ಫುಲ್ ತೋರಿಸ್ತಿತ್ತು. ಆ ಹುಡುಗಿ ಕೇಳಿದ್ಲು ಕೂಡ, "ಈ ನಂಬರ್ ಮನೇಲಿ ಸಿಗುತ್ತಲ್ವಾ ಸಾರ್?" ಅಂತ. ಹೂಂ ಸಿಗುತ್ತೆ ಅಂದೆ. ಹಿಂದೆ ಜನ ತಳ್ತಿದ್ರು, ಬಿಸಿಲು, ಜ್ವರ, ಬೇಗ ಮುಗಿದ್ರೆ ಸಾಕಾಗಿತ್ತು.

ಟೆಸ್ಟ್ ಮಾಡಿದ್ಮೇಲೆ ಎಸ್‌ಆರ್‌ಎಫ್ ಐಡಿ ಅಂತ ಒಂದು ಉದ್ದದ ನಂಬರ್ ಆಗ ಮೆಸೇಜಲ್ಲಿ ಬರ್ತಿತ್ತು. ಅದಿದ್ರೆ ವೆಬ್‌ಸೈಟಲ್ಲಿ ರಿಸಲ್ಟ್ ನೋಡ್ಬಹುದಿತ್ತು, ಆಸ್ಪತ್ರೆಯೋರಿಗೆ ಹೇಳಿದ್ರೆ ಅವ್ರೂ ನೋಡಿ ಹೇಳ್ತಿದ್ರು. ಅದು ಬರೋದ್ರೊಳಗೆ ನಾನು ಬೈಕ್ ಹತ್ತಿ ತಗ್ಗಿಗೆ ಇಳ್ದಿದ್ದೆ. ಜ್ವರ ಅಂತ ಆಫೀಸಿಗೆ ರಜಾ ಹಾಕಿದ್ದೆ, ಹಂಗಾಗಿ ಗುಡ್ಡಕ್ಕೂ ಹೋಗ್ಲಿಲ್ಲ. ಜ್ವರ ಇಲ್ದಿದ್ರೆ ದಿನಾ ಬೆಳಿಗ್ಗೆ ಗೇರು ಮರದಡಿ ಕೂತು ಲಾಗಿನ್ ಆಗ್ತಿದ್ದೆ, ಮೆಸೇಜ್ ಅವತ್ತೇ ಸಿಕ್ತಿತ್ತು. ಇದನ್ನ ಎಷ್ಟು ಸಲ ಯೋಚ್ನೆ ಮಾಡಿದೀನೋ.

ಮೊದಲೆರಡು ದಿನ ಅಡಿಕೆ ಬೇಯಿಸೋ ಮನೇಲಿ ಮಲಗಿದ್ದೆ, ಅಮ್ಮ ಬಾಗಿಲಲ್ಲೇ ತಟ್ಟೆ ಇಡ್ತಿದ್ರು. ಆಮೇಲೆ ಜ್ವರ ಬಿಡ್ತು. ಆಗ ನಮ್ಮನೇಲಿ, ನಮ್ಮನೆ ಏನು ಇಡೀ ಕೇರೀಲಿ, ಒಂದು ಮಾತಿತ್ತು: ಪಾಸಿಟಿವ್ ಆದ್ರೆ ಅವ್ರೇ ಆಂಬುಲೆನ್ಸ್ ತಗೊಂಡು ಹುಡುಕ್ಕೊಂಡು ಬರ್ತಾರೆ, ಬರ್ಲಿಲ್ಲ ಅಂದ್ರೆ ನೆಗೆಟಿವ್. 2020ರಲ್ಲಿ ಹಂಗೇ ಇತ್ತಪ್ಪ, ಮೇ ತಿಂಗಳಲ್ಲಿ ಜಿಲ್ಲೇಲಿ ಕೇಸ್ ಶುರುವಾದ್ಮೇಲೆ ಒಬ್ಬ ಪೇಷಂಟಿಗೆ ಇಡೀ ರಸ್ತೆ ಸೀಲ್ ಡೌನ್ ಆಗಿದ್ದು ಎಲ್ರಿಗೂ ನೆನಪಿತ್ತು. ಎರಡನೇ ಅಲೇಲಿ ಆ ಲೆಕ್ಕ ನಡೀಲಿಲ್ಲ, ಯಾರನ್ನ ಅಂತ ಹುಡುಕ್ಕೊಂಡು ಬರ್ತಾರೆ? ಅದೂ ನನ್ನ ಅಡ್ರೆಸ್ ಬೆಂಗಳೂರಿಂದು, ಹೆಸರು ಅಲ್ಲಿನ ಲಿಸ್ಟಿಗೆ ಹೋಗಿತ್ತು. ಅಲ್ಲಿಂದ ಫೋನ್ ಮೇಲೆ ಫೋನ್ ಮಾಡಿದಾರೆ, ನಾಟ್ ರೀಚಬಲ್. ನಮ್ಮೂರಿನ ಆಶಾ ಅಕ್ಕ ಪಾಪ ದಿನಾ ನಮ್ಮನೆ ಮುಂದೇನೇ ಓಡಾಡ್ತಿದ್ರು, ಅವರ ಹತ್ರ ಇದ್ದ ಲಿಸ್ಟಲ್ಲಿ ನಾನೇ ಇಲ್ಲ.

ಆ ವಾರ ಹಲಸಿನಕಾಯಿ ಹಪ್ಪಳ. ಗೊತ್ತಲ್ಲ, ಮಳೆ ಹಿಡಿಯೋಕೆ ಮುಂಚೆ ಒಣಗ್ಬೇಕು. ಚಿಕ್ಕಮ್ಮ, ಮೇಲಿನ ಮನೆ ಅತ್ತೆ, ಅವರ ಸೊಸೆ ಎಲ್ಲಾ ಬಂದು ನಡುಮನೇಲಿ ಕೂತಿದ್ರು. ಹಲಸಿನಕಾಯಿ ಬೇಯಿಸಿ ಕುಟ್ಟೋದು ಗಂಡಸ್ರ ಕೆಲಸ ನಮ್ಮನೇಲಿ, ಅಪ್ಪಂಗೆ ಸೊಂಟ ನೋವು, ನಾನೇ ಒನಕೆ ಹಿಡ್ದೆ. ಮಾಸ್ಕ್ ಇಲ್ಲ, ಏದುಸಿರು ಬಿಟ್ಕೊಂಡು ಕುಟ್ಟೋದು, ಮಧ್ಯೆ ಹರಟೆ, ನಗು. ಇದಕ್ಕಿಂತ ಚೆನ್ನಾಗಿ ವೈರಸ್ ಹಂಚೋಕೆ ಆಗಲ್ಲ.

ಅಪ್ಪಂಗೆ ಜ್ವರ ಬಂದಾಗ ಡಾಕ್ಟ್ರಿಗೆ ಫೋನ್ ಮಾಡೋಣ ಅಂತ ಗುಡ್ಡ ಹತ್ತಿದೆ. ಅವತ್ತು ಕರೆಂಟ್ ಬೇರೆ ಇರ್ಲಿಲ್ಲ, ಜಗಲಿ ಫೋನೂ ಸತ್ತಿತ್ತು. ಗೇರು ಮರ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ್ಲೇ ಜೇಬಲ್ಲಿ ಫೋನ್ ಬಡ್ಕೊಳ್ಳೋಕೆ ಶುರು ಮಾಡ್ತು, ಮಿಸ್ಡ್ ಕಾಲ್ ಮೆಸೇಜುಗಳು, ಎಸ್‌ಆರ್‌ಎಫ್ ಐಡಿ, ಅದರ ಕೆಳಗೆ ರಿಸಲ್ಟ್. ಪಾಸಿಟಿವ್. ಹಪ್ಪಳದ ದಿನಕ್ಕೆ ಮುಂಚೇನೇ ಬಂದಿತ್ತು.

ಮುಂದಿಂದು ಚುಟುಕಾಗಿ ಹೇಳ್ತೀನಿ. ಅಮ್ಮ, ಚಿಕ್ಕಮ್ಮ, ಮೇಲಿನ ಮನೆ ಅತ್ತೆ ಮೂವರಿಗೂ ಬಂತು, ಮನೇಲೇ ಹುಷಾರಾದ್ರು. ಅಪ್ಪಂಗೆ ಆಶಾ ಅಕ್ಕ ತಂದ ಆಕ್ಸಿಮೀಟರಲ್ಲಿ 94 ಇದ್ದಿದ್ದು ಮರುದಿನ 88 ತೋರಿಸ್ತು. 108 ಬಂತು, ಶಿವಮೊಗ್ಗಕ್ಕೆ ಹೋದ್ವಿ, ಬೆಡ್ ಸಿಗೋವರ್ಗೂ ಆಂಬುಲೆನ್ಸಲ್ಲೇ ಕೂರಿಸಿದ್ರು, ಆ ವಿಷಯ ಇಲ್ಲಿ ಬೇಡ. ಆಕ್ಸಿಜನ್ನು, ಸ್ಟೀರಾಯ್ಡು, ಅದರಿಂದ ಶುಗರ್ ಏರಿದ್ದು ಆಮೇಲೆ ಇಳಿಲೇ ಇಲ್ಲ, ಈಗ ಮಾತ್ರೆ ತಗೊಳ್ತಾರೆ. ಬದುಕಿ ಬಂದ್ರು. ಮೇಲಿನ ಮನೆಯೋರು ಮಾತಾಡ್ಸೋಕೆ ತುಂಬಾ ದಿನ ತಗೊಂಡ್ರು. ಆ ಹಪ್ಪಳನ ಯಾರೂ ಮುಟ್ಲಿಲ್ಲ. ಬಿಸಿಲಲ್ಲಿ ಒಣಗಿ ಎಣ್ಣೇಲಿ ಕರ್ದಿದ್ರಲ್ಲಿ ಎಂತ ವೈರಸ್ ಇರುತ್ತೆ ಅಂತ ನಾನು ಹೇಳಿದ್ದಕ್ಕೆ ಅಮ್ಮ ನೋಡಿದ ನೋಟಕ್ಕೆ ಸುಮ್ನಾದೆ.

ಈಗ ನಿಮ್ದು. ನಿಮ್ಮ ಪ್ರಶ್ನೇನೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ರಿಪೋರ್ಟ್ ಬೇಗ ಬಂದ್ರೆ ಏನು ಮಾಡ್ತೀರಿ? ನೆಗೆಟಿವ್ ಬಂದ್ರೆ ಅಜ್ಜಿ ಪಕ್ಕ ಕೂರ್ತೀರಿ, ಅದಕ್ಕೇ ತಾನೇ ಅವಸರ? ಗಂಟಲು ಕೆರೀತಿರೋವಾಗ ನೆಗೆಟಿವ್ ಬಂದ್ರೂ ಕೂರ್ಬಾರ್ದು. ಸ್ವಾಬ್ (ಕಡ್ಡೀಲಿ ತೆಗೆಯೋ ಸ್ಯಾಂಪಲ್) ಸರಿ ತೆಗೀದೇ ಇರ್ಬಹುದು, ತೀರಾ ಮುಂಚೆ ತೆಗ್ದಿರಬಹುದು. ಗಂಟಲು ಕೆರೆತ ಶುರುವಾದಾಗ್ಲೇ ನೀವು ಪಾಸಿಟಿವ್ ಅಂತ ಅಂದ್ಕೊಂಡು ರೂಮ್ ಸೇರ್ಕೊಳ್ಳಿ, ರಿಪೋರ್ಟ್ ಬರೋವಾಗ ಬರ್ಲಿ. ಹಂಗಿದ್ರೆ ಅದು ಒಂದಿನಕ್ಕೆ ಬಂದ್ರೂ ಅಷ್ಟೇ, ನಾಲ್ಕು ದಿನಕ್ಕೆ ಬಂದ್ರೂ ಅಷ್ಟೇ.

ಶಿವಮೊಗ್ಗಕ್ಕೆ ಹೋಗೋದು ಶುದ್ಧ ದಡ್ಡತನ. ನಿಮ್ಮ ಪಿಎಚ್‌ಸೀಲೋ ತಾಲ್ಲೂಕು ಆಸ್ಪತ್ರೇಲೋ ತೆಗ್ದ ಸ್ವಾಬ್ ಆ ಸಣ್ಣ ಟ್ಯೂಬಲ್ಲಿ, ಐಸ್ ಬಾಕ್ಸಲ್ಲಿ ಲ್ಯಾಬಿಗೇ ಹೋಗುತ್ತೆ, ನೀವು ಹೋಗೋ ಬದ್ಲು ಅದು ಹೋಗ್ಲಿ. ಮಷೀನಲ್ಲಿ ಆರ್‌ಟಿಪಿಸಿಆರ್ (ಲ್ಯಾಬಲ್ಲಿ ಮಾಡೋ ಕೋವಿಡ್ ಟೆಸ್ಟ್) ಆಗೋಕೆ ಕೆಲವು ಗಂಟೆ ಸಾಕು, ತಡ ಆಗೋದು ಅದರ ಮುಂದಿರೋ ಕ್ಯೂ ಇಂದ. 60 ಕಿಲೋಮೀಟರ್ ಬಸ್ಸಲ್ಲಿ ಕೂತು, ಮಂಡಗದ್ದೆ, ಗಾಜನೂರಲ್ಲಿ ಹತ್ತೋರಿಗೆಲ್ಲ ಹಂಚ್ಕೊಂಡು ಹೋಗ್ಬೇಕಾ?

ಅಷ್ಟು ಅವಸರ ಇದ್ರೆ ಮೆಡಿಕಲಲ್ಲಿ ಮನೇಲೇ ಮಾಡ್ಕೊಳ್ಳೋ ಆಂಟಿಜೆನ್ ಕಿಟ್ ಸಿಗುತ್ತೆ, ಯಾರ ಹತ್ರಾದ್ರೂ ತರಿಸ್ಕೊಳ್ಳಿ. ಕಾಲು ಗಂಟೇಲಿ ಗೊತ್ತಾಗುತ್ತೆ. ಎರಡು ಗೆರೆ ಬಂದ್ರೆ ಪಾಸಿಟಿವ್, ಅದಕ್ಕೆ ಇನ್ನೊಂದು ಟೆಸ್ಟ್ ಬೇಡ. ಒಂದೇ ಗೆರೆ ಬಂದ್ರೆ ಲಕ್ಷಣ ಇರೋರು ಆರ್‌ಟಿಪಿಸಿಆರ್ ಮಾಡಿಸ್ಲೇಬೇಕು, ಇದು ನನ್ನ ಮಾತಲ್ಲ, ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) 2021ರಲ್ಲಿ ಹೇಳಿದ್ದು. ಪಾಸಿಟಿವ್ ಆಗಿ ಮನೇಲೇ ಇದ್ದೋರು 2022ರ ಜನವರಿಯ ರೂಲ್ ಪ್ರಕಾರ 7 ದಿನ ಬೇರೆ ಇರ್ಬೇಕಿತ್ತು, ಕೊನೇ 3 ದಿನ ಜ್ವರ ಇರ್ಬಾರ್ದಿತ್ತು. ಆಮೇಲೆ ನೆಗೆಟಿವ್ ಆಗಿದೀನಾ ಅಂತ ನೋಡೋಕೆ ಮತ್ತೆ ಆರ್‌ಟಿಪಿಸಿಆರ್ ಮಾಡಿಸೋಕೆ ಹೋಗ್ಬೇಡಿ, ಹುಷಾರಾದ್ಮೇಲೂ ವಾರಗಟ್ಟಲೆ ಪಾಸಿಟಿವ್ ತೋರಿಸ್ಬಹುದು, ಸುಮ್ನೆ ತಲೆ ಕೆಡುತ್ತೆ. ಸಿಟಿ ವ್ಯಾಲ್ಯೂ (ವೈರಸ್ ಎಷ್ಟಿದೆ ಅಂತ ಅಂದಾಜು ಕೊಡೋ ರಿಪೋರ್ಟಿನ ಅಂಕಿ) ಎಷ್ಟು ಅಂತ ಕೇಳೋ ನೆಂಟ್ರಿಗೆ ಉತ್ತರ ಕೊಡ್ಬೇಡಿ.

ಆಸ್ಪತ್ರೇಲಿ ಫಾರ್ಮ್ ತುಂಬೋವಾಗ ಊರಿನ ಅಡ್ರೆಸ್ ಹೇಳಿ, ಆಧಾರಲ್ಲಿ ಏನೇ ಇರ್ಲಿ. ಮನೇಲಿ ರಿಂಗ್ ಆಗೋ ನಂಬರ್ ಕೊಡಿ, ಅದು ಅಜ್ಜಿ ಫೋನಾದ್ರೂ ಪರ್ವಾಗಿಲ್ಲ, ಪಕ್ಕದ ಮನೆಯೋರದ್ದಾದ್ರೂ ಪರ್ವಾಗಿಲ್ಲ. ಟೆಸ್ಟಿನ ನಂಬರ್ ಮೆಸೇಜಲ್ಲಿ ಬರೋದಿದ್ರೆ ಅದು ಬರೋವರ್ಗೂ ಪೇಟೆ ಬಿಡ್ಬೇಡಿ, ಬಂದಿದ್ದನ್ನ ಚೀಟೀಲಿ ಬರ್ಕೊಳ್ಳಿ. ಆಶಾ ಅಕ್ಕಂಗೆ ನೀವೇ ಹೋಗಿ ದೂರದಿಂದ ಹೇಳಿ, ಹಿಂಗೆ ಟೆಸ್ಟಿಗೆ ಕೊಟ್ಟಿದೀನಿ ಅಂತ. ಮೆಸೇಜ್ ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಅಂತ ಅರ್ಥ, ನೆಗೆಟಿವ್ ಅಂತ ಅಲ್ಲ.

ಇನ್ನೊಂದು, ಜನವರಿ ಅಂದ್ರೆ ನಿಮ್ಮನೇಲೂ ಅಡಿಕೆ ಕೊಯ್ಲು ನಡೀತಿರುತ್ತೆ. ಸಂಜೆ ಸುಲಿಯೋಕೆ ಬರೋರ ಮಧ್ಯೆ ಹೋಗಿ ಕೂರ್ಬೇಡಿ, ಎಷ್ಟೇ ಬೇಜಾರಾದ್ರೂ. ಇಡೀ ಚಪ್ಪರದಲ್ಲಿ ಹತ್ತಾರು ಜನ ರಾತ್ರಿವರ್ಗೂ ಮಾತಾಡ್ಕೊಂಡು ಕೂತಿರ್ತಾರೆ, ಒಮಿಕ್ರಾನ್ ಅನ್ನೋ ಕೋವಿಡ್ ತಳಿ ಮೊದಲಿಂದಕ್ಕಿಂತ ಬೇಗ ಅಂಟುತ್ತೆ. 60 ದಾಟಿ ಬಿಪಿನೋ ಶುಗರ್ರೋ ಇದ್ದು, ಎರಡನೇ ಡೋಸ್ ಆಗಿ 9 ತಿಂಗಳಾದೋರಿಗೆ 2022ರ ಜನವರಿ 10ರಿಂದ ಕೋವಿಡ್ ಲಸಿಕೆಯ ಮೂರನೇ ಡೋಸ್ ಕೊಡೋಕೆ ಶುರು ಮಾಡಿದ್ರು. ಅಜ್ಜಿಗೆ ಲಕ್ಷಣ ಏನೂ ಇಲ್ದಿದ್ರೂ ನಿಮ್ದು ಪಾಸಿಟಿವ್ ಬಂದ್ರೆ ಅವರಿಗೆ ಟೆಸ್ಟ್ ಮಾಡಿಸಿ, ಪಾಸಿಟಿವ್ ಆದೋರ ಜೊತೆ ಇದ್ದೋರಿಗೆ ಲಕ್ಷಣ ಇಲ್ದಿದ್ರೆ ಟೆಸ್ಟ್ ಬೇಡ ಅಂತ 2022ರ ಜನವರಿಲಿ ಕೊಟ್ಟ ವಿನಾಯ್ತಿ ವಯಸ್ಸಾದೋರಿಗೆ ಇರ್ಲಿಲ್ಲ.

ಕಮೆಂಟಲ್ಲಿ ಯಾರೋ ನಮ್ಮ ಕಡೆ ಜ್ವರ ಅಂದ್ರೆ ಮಂಗನ ಕಾಯಿಲೆ, ಕೋವಿಡ್ ಟೆಸ್ಟ್ ಯಾಕೆ ಅಂತ ಹಾಕಿದಾರೆ, ಅವರಿಗೂ ಇಲ್ಲೇ ಹೇಳ್ತೀನಿ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲೇ ಸಿಕ್ಕಿದ ಕಾಯಿಲೆ ಅದು, ಜನವರಿ ಅದರ ಸೀಸನ್ನೂ ಹೌದು. ಆದ್ರೆ ಅದು ಉಣುಗು ಕಚ್ಚಿ ಬರೋದು, ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ. ಅದರ ಟೆಸ್ಟ್ ರಕ್ತದಲ್ಲಿ, ಮೂಗಿನ ಕಡ್ಡೀಲಿ ಅಲ್ಲ, ಹಂಗಾಗಿ ಒಂದು ನೆಗೆಟಿವ್ ಬಂದ್ರೆ ಇನ್ನೊಂದೂ ಇಲ್ಲ ಅಂತ ತಿಳ್ಕೋಬೇಡಿ. ನೀವು ಬಂದು ಎರಡೇ ದಿನ ಆಗಿದೆ, ಗಂಟಲು ಕೆರೆತ, ನಿಮ್ದು ಅದಲ್ಲ ಅನ್ಸುತ್ತೆ. ಆದ್ರೆ ಮನೇಲಿ ಯಾರಾದ್ರೂ ದರಕು (ಒಣಗಿದ ಎಲೆ) ಗುಡಿಸೋಕೆ, ಸೊಪ್ಪು ತರೋಕೆ ಕಾಡಿಗೆ ಹೋಗಿದ್ರೆ, ಅವರಿಗೆ ಇದ್ದಕ್ಕಿದ್ದಂಗೆ ಜ್ವರ, ವಿಪರೀತ ತಲೆನೋವು, ಸೊಂಟ ಕೈಕಾಲು ನೋವು ಬಂದ್ರೆ, ಕಾಡಿಗೆ ಹೋಗಿದ್ದನ್ನ ಡಾಕ್ಟ್ರಿಗೆ ನೀವಾಗೇ ಹೇಳಿ, ಕೆಎಫ್‌ಡಿಗೆ (ಮಂಗನ ಕಾಯಿಲೆಗೆ) ರಕ್ತ ತೆಗೀರಿ ಅಂತ ಕೇಳಿ. ಮೊದಲ ವಾರದಲ್ಲೇ ತೆಗೆದ್ರೆ ಒಳ್ಳೇದು. ಆ ಫಾರ್ಮಿಗೂ ಫೋನ್ ನಂಬರ್ ಕೇಳ್ತಾರೆ.