ಮಗನಿಗೆ ಮೊದಲ ಕಾರು, ಒಂದೂವರೆ ಲಕ್ಷದೊಳಗೆ

ಸರ್, 18 ತುಂಬಿದ ಮಗನಿಗೆ ಒಂದೂವರೆ ಲಕ್ಷದೊಳಗೆ ಕಾರು ಬೇಕು, ಗುಂತಕಲ್‌ನಲ್ಲಿ ಆಂಧ್ರ ನೋಂದಣಿಯ ಆಲ್ಟೊ ಅಗ್ಗಕ್ಕೆ ಸಿಗುತ್ತಿದೆ, ತಗೋಬಹುದಾ ಅಂತ ಕೇಳಿದ್ದೀರಿ. ಬೇಡ ಅನ್ನುತ್ತೇನೆ. ಬಳ್ಳಾರಿಯಲ್ಲೇ ಇಟ್ಟು ಓಡಿಸೋದಾದರೆ ಆಂಧ್ರದ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನೋ ಪತ್ರ ತರಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಉಳಿಸಿದ ದುಡ್ಡು ಅಲ್ಲಿಗೇ ಹೋಗುತ್ತೆ. ಬಳ್ಳಾರಿ ನೋಂದಣಿಯ ಕೆಎ-34 ಗಾಡಿಯನ್ನೇ ಹುಡುಕಿ.

ಆಲ್ಟೊ ಒಳ್ಳೆಯದೇ, ಬಿಡಿಭಾಗ ಎಲ್ಲಾ ಕಡೆ ಸಿಗುತ್ತೆ. ಆದರೆ ಸಂಡೂರು, ತೋರಣಗಲ್ಲು ಕಡೆ ಓಡಿದ ಗಾಡಿಯಾದರೆ ಏರ್ ಫಿಲ್ಟರ್ ಬಿಚ್ಚಿಸಿ ನೋಡಿ. ಅದಿರಿನ ಕೆಂಪು ಧೂಳು ಗಟ್ಟಿಯಾಗಿ ಮೆತ್ತಿಕೊಂಡಿದ್ದರೆ ಸರ್ವಿಸ್ ಸರಿಯಾಗಿ ಆಗಿಲ್ಲ ಅಂತಲೇ ಲೆಕ್ಕ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಎಷ್ಟೇ ಕಡಿಮೆಗೆ ಕೊಟ್ಟರೂ ವಾಪಸ್ ಬನ್ನಿ.

ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಬ್ಯಾಂಕ್ ಸಾಲದ ನಮೂದು ಇದೆಯಾ, 15 ವರ್ಷದ ನೋಂದಣಿಯಲ್ಲಿ ಎಷ್ಟು ಉಳಿದಿದೆ, ನೋಡಿಕೊಳ್ಳಿ. ಇನ್ಶೂರೆನ್ಸ್ ಕೂಡ ನಿಮ್ಮ ಹೆಸರಿಗೆ ಮಾಡಿಸಿ, ಸುಮ್ನೆ ಬಿಡಬೇಡಿ.

ಪೂರ್ತಿ ದುಡ್ಡು ಕಾರಿಗೇ ಸುರಿಯಬೇಡಿ ಸರ್. ಒಂದಿಪ್ಪತ್ತೈದು ಸಾವಿರ ಟೈರು, ಬ್ರೇಕಿಗೆ ಅಂತ ತೆಗೆದಿಡಿ. ಹೊಸದಾಗಿ ಕಲಿತ ಹುಡುಗ ಅಲ್ವಾ, ಅವನಿಗೆ ಮ್ಯೂಸಿಕ್ ಸಿಸ್ಟಮ್‌ಗಿಂತ ಅವೇ ಜಾಸ್ತಿ ಬೇಕು.