ತರಬೇತಿ, ಸಬ್ಸಿಡಿ ಎಲ್ಲ ಇದ್ದೂ ಉತ್ಪಾದಕತೆ ಯಾಕೆ ಏರುತ್ತಿಲ್ಲ?

ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ ಎಂದಿದ್ದೀರಿ. ಸ್ಕಿಲ್ ಇಂಡಿಯಾ, ಸಬ್ಸಿಡಿ, ಕಂಪನಿಗಳಿಗೆ ತೆರಿಗೆ ಕಡಿತ ಎಲ್ಲ ಆದಮೇಲೂ ಒಬ್ಬ ಕೆಲಸಗಾರನ ದಿನದ ದುಡಿಮೆಗೆ ನಮ್ಮಲ್ಲಿ ಯಾಕಿಷ್ಟು ಕಡಿಮೆ ಬೆಲೆ, ಸರ್ಕಾರ ಏನು ಬದಲಿಸಬೇಕು ಎಂಬುದು ನಿಮ್ಮ ಪ್ರಶ್ನೆ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಶಿರಸಿ ಹತ್ತಿರದ ಹಳ್ಳಿಯವನು. ಅಡಿಕೆ ಸುಲಿಯುವ ಯಂತ್ರವನ್ನು ಪಿಕಪ್‌ನಲ್ಲಿ ಹೇರಿಕೊಂಡು ಮನೆಮನೆಗೆ ಹೋಗಿ ಸುಲಿದುಕೊಡುವುದು ನನ್ನ ಕಸುಬು. ಹಾಗಾಗಿ ಇದು ಪರೀಕ್ಷೆಯಲ್ಲಿ ಬರೆಯುವಂಥ ಉತ್ತರ ಆಗಲಿಕ್ಕಿಲ್ಲ.

ನನಗೆ ಕಂಡದ್ದು ಇಷ್ಟು. ಕೈಯ ಕಸುಬು, ಯಂತ್ರ, ಬಿಡುವಿಲ್ಲದ ಕೆಲಸ, ಈ ಮೂರೂ ಒಂದೇ ಅಂಗಳದಲ್ಲಿ ಸೇರಿದಾಗ ಮಾತ್ರ ಉತ್ಪಾದಕತೆ, ಅಂದರೆ ಒಬ್ಬ ಕೆಲಸಗಾರ ದಿನಕ್ಕೆ ಮಾಡುವ ಕೆಲಸದ ಮೌಲ್ಯ, ಏರುತ್ತದೆ. ಸರ್ಕಾರ ಮೂರನ್ನೂ ಕೊಡುತ್ತದೆ, ಸುಳ್ಳಲ್ಲ. ಆದರೆ ಮೂರು ಬೇರೆ ಬೇರೆ ಇಲಾಖೆಯಿಂದ, ಮೂರು ಬೇರೆ ಬೇರೆ ಜನರಿಗೆ.

ನಮ್ಮ ಕಡೆ ರಾಶಿ ಅಡಿಕೆ ಮಾಡುವವರಿಗೆ ಅಡಿಕೆ ಗೊನೆ ಕೊಯ್ದ ಮೇಲೆ ಪುರುಸೊತ್ತು ಇರುವುದಿಲ್ಲ. ಹಸಿ ಅಡಿಕೆಯನ್ನು ಬೇಗ ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಹಿಂದೆ ಹೆಂಗಸರು ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತು ರಾತ್ರಿ ಹನ್ನೊಂದರವರೆಗೂ ಸುಲಿಯುತ್ತಿದ್ದರು. ಈಗ ಆ ಕೆಲಸಕ್ಕೆ ಜನ ಸಿಗುವುದಿಲ್ಲ. ಯಂತ್ರ ತಂದರೆ ಮುಗಿಯಿತು ಅಂದುಕೊಂಡಿದ್ದೆ. 2019ರಲ್ಲಿ ತಂದೆ. ಮೊದಲ ವಾರವೇ ಒಬ್ಬರ ಮನೆಯಲ್ಲಿ ಅರ್ಧ ಬುಟ್ಟಿ ಅಡಿಕೆ ಹೋಳಾಗಿ ಬಿತ್ತು. ಒಡೆದ ಅಡಿಕೆಗೆ ದರ ಕಡಿಮೆ. ಆ ಯಜಮಾನರು ಬೈಯಲಿಲ್ಲ. ಸುಮ್ನೆ ಹೋಳನ್ನೆಲ್ಲ ಬೇರೆ ಮೊರಕ್ಕೆ ಆರಿಸಿ ನನ್ನ ಮುಂದೆ ಇಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ತಪ್ಪು ಯಂತ್ರದ್ದಲ್ಲ. ಒಂದೊಂದು ತೋಟದ ಅಡಿಕೆ ಒಂದೊಂದು ಗಾತ್ರ. ಅದಕ್ಕೆ ತಕ್ಕ ಹಾಗೆ ಯಂತ್ರದ ಸಂದು ಹೊಂದಿಸಬೇಕು. ಬಿಗಿಯಾದರೆ ಅಡಿಕೆ ಒಡೆಯುತ್ತದೆ, ಸಡಿಲವಾದರೆ ಸಿಪ್ಪೆ ಉಳಿಯುತ್ತದೆ. ನನ್ನ ಜೊತೆಗಿದ್ದ ಹುಡುಗ, ಪಿಯುಸಿ ಫೇಲು, ಎರಡು ಸೀಸನ್ ಮುಗಿಯುವಷ್ಟರಲ್ಲಿ ಇದನ್ನು ಕಿವಿಯಲ್ಲೇ ಕಲಿತ. ಸದ್ದು ಬದಲಾದರೆ ಸಾಕು, ಹೋಗಿ ಬೋಲ್ಟು ತಿರುವುತ್ತಿದ್ದ. ಅದೇ ಯಂತ್ರ, ಅದೇ ಕರೆಂಟು. ಆದರೆ ಅವನಿದ್ದ ದಿನ ನಾವು ಸುಲಿಯುತ್ತಿದ್ದದ್ದು ಹೆಚ್ಚೂಕಡಿಮೆ ಎರಡರಷ್ಟು.

ಈ ಕಲಿಕೆಗೆ ಸರ್ಕಾರದ ಲೆಕ್ಕದಲ್ಲಿ ಜಾಗ ಇಲ್ಲ. ಪ್ರಧಾನಮಂತ್ರಿ ಕೌಶಲ್ ವಿಕಾಸ್ ಯೋಜನೆ 2015ರಲ್ಲಿ ಶುರುವಾಯಿತು. ಅದರಲ್ಲಿ ಅಲ್ಪಾವಧಿ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದವರಲ್ಲಿ ಅರ್ಧದಷ್ಟು ಜನರಿಗೂ ಕೆಲಸ ಸಿಗಲಿಲ್ಲ. ಕೆಲಸದ ಜಾಗದಲ್ಲೇ ಕಲಿಸಲು ಅಪ್ರೆಂಟಿಸ್ ಯೋಜನೆಯೂ ಇದೆ. 2016ರಿಂದ ಶಿಷ್ಯವೇತನದ ಶೇ 25ರಷ್ಟು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರವೇ ಕೊಡುತ್ತದೆ. ಒಳ್ಳೆಯದೇ. ಆದರೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ, 4ರಿಂದ 29 ಜನರಿದ್ದರೆ ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ನನ್ನಲ್ಲಿ ಇದ್ದದ್ದು ಆ ಹುಡುಗ ಮತ್ತು ಇನ್ನೊಬ್ಬ. ಲೆಕ್ಕಕ್ಕೇ ಬರಲಿಲ್ಲ. ನಮ್ಮ ಜಿಲ್ಲೆಯ ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಮರಗೆಲಸದ ಶೆಡ್ಡುಗಳಲ್ಲಿ ನಾಲ್ಕು ಜನ ಇರುವುದು ಎಷ್ಟರಲ್ಲಿ, ಹೇಳಿ? ಹುಡುಗರು ನಿಜವಾಗಿ ಕೆಲಸ ಕಲಿಯುವುದು ಅಲ್ಲೇ ಅಲ್ವಾ?

ಇನ್ನು ಹೂಡಿಕೆ. ನೀವು 2019ರ ತೆರಿಗೆ ಕಡಿತದ ಬಗ್ಗೆ ಕೇಳಿದ್ದೀರಿ. ಕಂಪನಿ ತೆರಿಗೆಯ ಮೂಲ ದರ ಶೇ 30 ಇದ್ದದ್ದು ಶೇ 22ಕ್ಕೆ ಬಂತು, ಹೊಸ ಕಾರ್ಖಾನೆಗೆ ಶೇ 15. ಲಾಭವೇನೋ ಜಾಸ್ತಿ ಆಯಿತು, ಹೂಡಿಕೆ ಮಾತ್ರ ಅಂದುಕೊಂಡಷ್ಟು ಚಿಗುರಲಿಲ್ಲ. ನನಗಿದು ಆಶ್ಚರ್ಯ ಅನಿಸುವುದಿಲ್ಲ. ಗಿರಾಕಿ ಬರುವ ನಂಬಿಕೆ ಇಲ್ಲದೆ ಯಾರೂ ಎರಡನೇ ಯಂತ್ರ ತರುವುದಿಲ್ಲ, ತೆರಿಗೆ ಎಷ್ಟೇ ಇಳಿಯಲಿ. ಮತ್ತೆ ನಮ್ಮಂಥ ಸಣ್ಣವರು ಕಂಪನಿ ತೆರಿಗೆ ಕಟ್ಟುವವರೂ ಅಲ್ಲ.

ಸಣ್ಣವರ ಹೂಡಿಕೆ ಎಲ್ಲಿ ಸಿಕ್ಕಿಬೀಳುತ್ತದೆ ಎನ್ನುವುದಕ್ಕೆ ನನ್ನ ಅಕ್ಕನ ಹಲಸಿನ ಹಪ್ಪಳ ನೋಡಿ. ಕಿರು ಆಹಾರ ಸಂಸ್ಕರಣೆಗೆಂದು 2020ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಶೇ 35 ಸಬ್ಸಿಡಿ ಇತ್ತು. ನಮ್ಮ ರಾಜ್ಯ ಅದಕ್ಕೆ ಶೇ 15 ಸೇರಿಸಿ ಅರ್ಧಕ್ಕರ್ಧ ಮಾಡಿತ್ತು, 15 ಲಕ್ಷದವರೆಗೆ. ಕೇಳಲು ಚಂದ. ಜಾಮೀನು ಬೇಡ ಎಂದು ಬ್ಯಾಂಕಿನ ಗೋಡೆಯ ಮೇಲೇ ಬರೆದಿತ್ತು. ಒಳಗೆ ಹೋದರೆ "ತೋಟದ ಪಹಣಿ ಒಂದು ತಂದಿಡಿ ಅಮ್ಮಾ" ಎಂದರು. ಸಬ್ಸಿಡಿ ಹಣ ಕೈಗೆ ಬರುವುದಿಲ್ಲ ಎಂದೂ ಆಗಲೇ ಗೊತ್ತಾದದ್ದು. ಅದು ಬ್ಯಾಂಕಿನಲ್ಲೇ ಇದ್ದು, ಮೂರು ವರ್ಷ ಘಟಕ ಸರಿಯಾಗಿ ನಡೆದರೆ ಸಾಲಕ್ಕೆ ಜಮಾ ಆಗುತ್ತದೆ. ಇದು ತಪ್ಪು ನಿಯಮ ಎನ್ನುವುದಿಲ್ಲ, ಸುಳ್ಳು ಘಟಕಗಳನ್ನು ತಡೆಯಲು ಬೇಕು.

ಅಂತೂ ಹಪ್ಪಳ ಒಣಗಿಸುವ ಡ್ರೈಯರ್ ಬಂತು. ಹಪ್ಪಳಕ್ಕೆ ಹಲಸು ಸಿಗುವುದು ಮಳೆ ಶುರುವಾಗುವ ಮುಂಚೆ. ನಮ್ಮಲ್ಲಿ ಗುಡುಗು, ಗಾಳಿಗೆ ಮರ ಬಿದ್ದು ಲೈನ್ ಹರಿಯುವುದೂ ಅದೇ ಸಮಯದಲ್ಲಿ. ಮೊದಲ ವರ್ಷ ಒಂದೇ ಸಲ ಮೂರು ದಿನ ಕರೆಂಟು ಇರಲಿಲ್ಲ. ಅಕ್ಕ ಡ್ರೈಯರ್ ಬಾಗಿಲು ತೆಗೆದು, ಹಪ್ಪಳವನ್ನೆಲ್ಲ ಚಾಪೆಗೆ ಹಾಕಿ, ಒಲೆ ಮೇಲಿನ ಅಟ್ಟಕ್ಕೆ ಏರಿಸಿದಳು. ಅಜ್ಜಿ ಮಾಡುತ್ತಿದ್ದದ್ದೂ ಅದನ್ನೇ. ಅವಳಿಗೆ ಶೇ 50 ಸಬ್ಸಿಡಿ ಬೇಕಿತ್ತೋ, ಮೇ ತಿಂಗಳಲ್ಲಿ ಕಡಿಯದ ಕರೆಂಟು ಬೇಕಿತ್ತೋ ನೀವೇ ಹೇಳಿ.

ರಸ್ತೆಯ ಮಾತು ಜಾಸ್ತಿ ಬೇಡ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, 66ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದ್. ಮರುತಿಂಗಳೇ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಕರಾವಳಿಯಲ್ಲಿ ಮೀನು, ಮಂಜುಗಡ್ಡೆ, ಬಿಡಿಭಾಗದ ವ್ಯಾಪಾರ ಮಾಡುವವರು ಮಳೆಗಾಲದ ಲೆಕ್ಕ ಹಾಕದೆ ದುಡ್ಡು ಹಾಕುವುದಿಲ್ಲ.

ಏನು ಬದಲಿಸಬೇಕು ಅಂದರೆ, ಎಣಿಸುವ ರೀತಿ. ಈಗ ಎಷ್ಟು ಯಂತ್ರ ಹಂಚಿದೆವು, ಎಷ್ಟು ಜನರಿಗೆ ತರಬೇತಿ ಕೊಟ್ಟೆವು ಎಂದು ಎಣಿಸುತ್ತಾರೆ. ಆ ಯಂತ್ರ ವರ್ಷಕ್ಕೆ ಎಷ್ಟು ಗಂಟೆ ಓಡಿತು, ಕಲಿತವನ ಗಳಿಕೆ ವರ್ಷದ ನಂತರ ಎಷ್ಟಾಯಿತು ಎಂದು ಎಣಿಸಲಿ. ನಮ್ಮೂರಲ್ಲಿ ಸಬ್ಸಿಡಿ ಇದೆ ಎಂದು ಮನೆಗೊಂದು ಯಂತ್ರ ಕೊಂಡವರಿದ್ದಾರೆ. ಸೀಸನ್ನಿನಲ್ಲಿ ಹತ್ತು ದಿನ ಓಡುತ್ತದೆ, ಉಳಿದ ದಿನ ಅದರ ಮೇಲೆ ಕೋಳಿ ಕೂತಿರುತ್ತದೆ. ರಾಜ್ಯದಲ್ಲಿ 2014ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳ ಯೋಚನೆ ಇದಕ್ಕಿಂತ ಎಷ್ಟೋ ಮೇಲು. ಅಲ್ಲಿ ಯಂತ್ರದ ಜೊತೆ ಅದನ್ನು ಬಲ್ಲ ಹುಡುಗನನ್ನೂ ಕಳಿಸಿದರೆ ಇನ್ನೂ ಚೆನ್ನ. ಕಾರವಾರದ ಕಡೆ ಕೈಗಾ ಅಣುಸ್ಥಾವರದಲ್ಲಿ ತಲಾ 700 ಮೆಗಾವಾಟ್‌ನ ಎರಡು ಘಟಕ ಬರುತ್ತಿವೆ. ಅಲ್ಲಿಗೆ ಬೇಕಾಗುವ ವೆಲ್ಡಿಂಗನ್ನು ಇಲ್ಲಿನ ಐಟಿಐ ಹುಡುಗರಿಗೆ ಕೆಲಸ ಶುರುವಾಗುವ ಮೊದಲೇ ಕಲಿಸಿರಬೇಕು. ಆಮೇಲೆ ಕಲಿಸಿದರೆ ಅಷ್ಟರಲ್ಲಿ ಹೊರಗಿನವರು ಬಂದು ಮಾಡಿ ಹೋಗಿರುತ್ತಾರೆ.

ಅಂಕಿ ಬೇಕಿದ್ದರೆ ಒಂದು ಇಟ್ಟುಕೊಳ್ಳಿ. 2023-24ರಲ್ಲಿ ದೇಶದ ದುಡಿಯುವ ಜನರಲ್ಲಿ ಸುಮಾರು ಶೇ 46 ಕೃಷಿಯಲ್ಲಿದ್ದರು. ಅವರಿಂದ ಬಂದದ್ದು ದೇಶದ ಒಟ್ಟು ಉತ್ಪನ್ನದ ಶೇ 18ರ ಆಸುಪಾಸು. ನಿಮ್ಮ ಪ್ರಶ್ನೆಯ ಬೇರು ಇರುವುದು ಇಲ್ಲಿ.

ಅಂದಹಾಗೆ, ಆ ಹುಡುಗ ಈಗ ನನ್ನ ಜೊತೆ ಇಲ್ಲ. ಸಾಲ ಮಾಡಿ ಸ್ವಂತ ಯಂತ್ರ ತಂದಿದ್ದಾನೆ. ಹೋದ ಸೀಸನ್ನಿನಲ್ಲಿ ನನ್ನ ಆರು ಮನೆ ಅವನ ಪಾಲಾಯಿತು. ಹೋಳು ಆರಿಸಿ ನನ್ನ ಮುಂದಿಟ್ಟ ಯಜಮಾನರೂ ಈಗ ಅವನನ್ನೇ ಕರೆಸುತ್ತಾರೆ.